ಅಧಿಕಾರವ್ಯಾಪ್ತಿಯೂ ನೌಕರನ ಅಹವಾಲೂ

ನ್ಯಾಯಸ್ಥಾನಗಳ ಸಂಖ್ಯೆ ಹೆಚ್ಚಿದಷ್ಟೂ ನ್ಯಾಯವು ಪ್ರಜೆಗೆ ಸಮೀಪಿಸುವುದೆಂದು ಭಾವಿಸುವುದು ಸಹಜವೇ ಆಗಿದೆ. 1976ರಲ್ಲಿ ನಲವತ್ತೆರಡನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 323-ಎ ಎಂಬ ಅನುಚ್ಛೇದವನ್ನು ಸೇರಿಸಿದವರ ಮನಸ್ಸಿನಲ್ಲಿಯೂ, ಆ ಅನುಚ್ಛೇದದ ಬಲದಿಂದ 1985ರಲ್ಲಿ ಆಡಳಿತ ನ್ಯಾಯಮಂಡಳಿಗಳ ಅಧಿನಿಯಮವನ್ನು ರಚಿಸಿದವರ ಮನಸ್ಸಿನಲ್ಲಿಯೂ ಇದ್ದ ಭಾವನೆ ಪ್ರಾಯಶಃ ಅದೇ. ಉಚ್ಚ ನ್ಯಾಯಾಲಯಗಳಲ್ಲಿ ಸರ್ಕಾರಿ ನೌಕರರ ಬಡ್ತಿ, ಜ್ಯೇಷ್ಠತೆ, ವೇತನ, ಶಿಸ್ತುಕ್ರಮಗಳ ವ್ಯಾಜ್ಯಗಳು ವರ್ಷಾನುವರ್ಷ ಇತ್ಯರ್ಥವಾಗದೆ ಬಿದ್ದಿರುವಾಗ, ಸೇವಾನಿಯಮಗಳಲ್ಲಿ ನುರಿತವರು ಕುಳಿತು ಅಲ್ಪವೆಚ್ಚದಲ್ಲಿ, ಅಲ್ಪಕಾಲದಲ್ಲಿ ಅವನ್ನು ತೀರ್ಮಾನಿಸುವ ಪ್ರತ್ಯೇಕ ಪೀಠಗಳಿರಲಿ ಎಂಬ ಆಶಯವು ಸ್ತುತ್ಯವಾದುದು. ಕೇಂದ್ರೀಯ ಮಂಡಳಿಯು 1985ರ ನವೆಂಬರಿನಲ್ಲಿಯೂ ನಮ್ಮ ರಾಜ್ಯದ ಮಂಡಳಿಯು ಮರುವರ್ಷದ ಅಕ್ಟೋಬರಿನಲ್ಲಿಯೂ ಅಸ್ತಿತ್ವಕ್ಕೆ ಬಂದುವು. ಕೇಂದ್ರೀಯ ಮಂಡಳಿಯ 1987ರ ಕಾರ್ಯವಿಧಾನ ನಿಯಮಗಳಂತೆ ಅಲ್ಲಿ ಅರ್ಜಿಗೆ ತಗಲುವ ಶುಲ್ಕ 50 ರೂಪಾಯಿ ಮಾತ್ರ. ರಾಜ್ಯದ ಮಂಡಳಿಗೆ ಬೆಂಗಳೂರಲ್ಲದೆ ಬೆಳಗಾವಿ, ಕಲಬುರಗಿಗಳಲ್ಲಿಯೂ ಪೀಠಗಳುಂಟು. ಇಷ್ಟರಮಟ್ಟಿಗೆ ಸಂಕಲ್ಪವು ನೆರವೇರಿತೆಂದು ಒಪ್ಪಲೇಬೇಕು.

ಆದರೆ ಈ ಪೀಠಗಳ ಮುಂದೆ ನಿಂತ ನೌಕರನು ತನ್ನ ಸಂಕಟವನ್ನು ನಿವೇದಿಸುವುದಕ್ಕೆ ಮುಂಚೆ ಉತ್ತರಿಸಬೇಕಾದ ಒಂದು ಪ್ರಶ್ನೆಯುಂಟು. ಅದು ಅವನ ಸಂಕಟಕ್ಕೆ ಸಂಬಂಧಿಸಿದ್ದಲ್ಲ, ಅದನ್ನು ಕೇಳುವ ಅಧಿಕಾರಕ್ಕೆ ಸಂಬಂಧಿಸಿದ್ದು. ನೀನು ಸರ್ಕಾರಿ ಹುದ್ದೆಯಲ್ಲಿರುವವನೇ? ನಿನ್ನ ದೂರು ಸೇವಾವಿಷಯವೇ? ಅದನ್ನು ಬೇರೊಂದು ಕಾನೂನು ಬೇರೊಂದು ಅಧಿಕಾರಸ್ಥಾನಕ್ಕೆ ಈ ಮೊದಲೇ ವಹಿಸಿಲ್ಲವಷ್ಟೆ? ಬಡ್ತಿಯ ವ್ಯಾಜ್ಯದಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಸುಲಭ. ಆದರೆ ಹೊತ್ತುಮೀರಿ ದುಡಿದ ದುಡಿಮೆಯ ಕೂಲಿಯನ್ನು, ಅಂದರೆ ಎಲ್ಲರ ಬಾಯಲ್ಲಿ ಓ.ಟಿ. ಎಂದು ರೂಢವಾಗಿರುವುದನ್ನು, ಬೇಡಿ ಬಂದವನಿಗೂ, ಕಚೇರಿಯಲ್ಲಿ ಅನುಭವಿಸಿದ ಕಿರುಕುಳಕ್ಕೆ ಪರಿಹಾರವನ್ನು ಬೇಡಿ ಬಂದವಳಿಗೂ ಇವು ಎಷ್ಟು ತೊಡಕಾಗಿರುವುವೆಂದರೆ, ಅಹವಾಲಿನ ನ್ಯಾಯಾನ್ಯಾಯವು ವಿಚಾರಣೆಗೆ ಬರುವಷ್ಟರಲ್ಲಿ ಅರ್ಜಿದಾರರು ನಿವೃತ್ತಿಯ ವಯಸ್ಸನ್ನು ಸಮೀಪಿಸಿದರೂ ಸಮೀಪಿಸಿಯಾರು. ಮೊದಲನೆಯದು ಕಾರ್ಮಿಕ ಕಾನೂನಿನಿಂದ ಹುಟ್ಟಿದ ಹಕ್ಕು, ಆದರೆ ಅದನ್ನು ಕೇಳುವವನು ಸರ್ಕಾರದ ಸೇವಕ. ಎರಡನೆಯದು ವ್ಯಕ್ತಿಯ ಮಾನಕ್ಕೆ ಆದ ಹಾನಿ, ಆದರೆ ನ್ಯಾಯಮಂಡಳಿಗೆ ಬೇಕಾದುದು ಒಂದು ಆದೇಶದ ಪ್ರತಿ. ಹೀಗೆ ಎರಡೂ ಸೀಮಾರೇಖೆಯ ಮೇಲೆಯೇ ನಿಂತಿವೆ.

ಯಲಹಂಕದಲ್ಲಿರುವ ರೈಲು ಗಾಲಿ ಕಾರ್ಖಾನೆಯ ಒಬ್ಬ ಕುಶಲಕರ್ಮಿಯನ್ನು ಊಹಿಸಿಕೊಳ್ಳೋಣ. ಇದು ಕೇವಲ ಊಹೆಯೇ ಹೊರತು ಆ ಕಾರ್ಖಾನೆಯ ಮೇಲಿನ ದೂರಲ್ಲ. ರೈಲ್ವೆ ಇಲಾಖೆಯ ನೌಕರನಾದುದರಿಂದ ಅವನು ಕೇಂದ್ರೀಯ ಆಡಳಿತ ನ್ಯಾಯಮಂಡಳಿಯ ವ್ಯಾಪ್ತಿಗೆ ಸೇರಿದವನು. ಕೆಲಸ ಮಾಡುವುದು ಕಾರ್ಖಾನೆಯಲ್ಲಾದುದರಿಂದ 1948ರ ಕಾರ್ಖಾನೆಗಳ ಅಧಿನಿಯಮದ 59ನೆಯ ಪ್ರಕರಣವು ಅವನಿಗೆ ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ಇಮ್ಮಡಿ ವೇತನವನ್ನು ವಿಧಿಸಿತ್ತು. 1947ರ ಕೈಗಾರಿಕಾ ವಿವಾದಗಳ ಅಧಿನಿಯಮದ ಅರ್ಥದಲ್ಲಿ ಅವನು ಕಾರ್ಮಿಕನೂ ಆಗಿದ್ದನು. ಆದುದರಿಂದ ಕಾರ್ಮಿಕ ನ್ಯಾಯಾಲಯದ ಮೆಟ್ಟಿಲೇರಬಲ್ಲವನಾಗಿದ್ದನು. ಅವನ ಕೂಲಿಯಲ್ಲಿ ಕಡಿತವಾಗಿದ್ದರೆ 1936ರ ವೇತನ ಪಾವತಿ ಅಧಿನಿಯಮದ ಅಧಿಕಾರಿಯ ಬಳಿಗೂ ಹೋಗಬಹುದಾಗಿತ್ತು. ಓ.ಟಿ. ಹಣ ಬಾರದೆ ಹೋದಾಗ ಇಂಥವನು ಎಲ್ಲಿಗೆ ಹೋಗತಕ್ಕದ್ದು?

ಈ ಪ್ರಶ್ನೆಗೆ ಕಾನೂನು ಕೊಟ್ಟಿರುವ ಉತ್ತರವು ಒಂದೇ ಸಲಕ್ಕೆ ಬಂದುದಲ್ಲ. 1985ರ ಅಧಿನಿಯಮದ 28ನೆಯ ಪ್ರಕರಣವು ಸೇವಾವಿಷಯಗಳಲ್ಲಿ ಇತರ ನ್ಯಾಯಾಲಯಗಳ ಅಧಿಕಾರವನ್ನು ತೆಗೆದುಹಾಕುವಾಗಲೇ ಕಾರ್ಮಿಕ ನ್ಯಾಯಾಲಯ, ಕೈಗಾರಿಕಾ ನ್ಯಾಯಮಂಡಳಿ ಮತ್ತು ಅಂಥದೇ ಕಾನೂನಿನ ಇತರ ಅಧಿಕಾರಸ್ಥಾನಗಳನ್ನು ಉಳಿಸಿತು. ಹಾಗೆ ಉಳಿಸಿದ ಮೇಲೆ ಆಡಳಿತ ಮಂಡಳಿಗೂ ಕಾರ್ಮಿಕ ನ್ಯಾಯಾಲಯಕ್ಕೂ ಸಮಾನಾಧಿಕಾರವುಂಟೋ, ನೌಕರನು ತನಗೆ ಬೇಕಾದುದನ್ನು ಆರಿಸಿಕೊಳ್ಳಬಹುದೋ ಎಂಬ ಸಂದೇಹ ಹುಟ್ಟಿತು. ಹೈದರಾಬಾದಿನಲ್ಲಿ ಕೇಂದ್ರೀಯ ಮಂಡಳಿಯ ಪೂರ್ಣಪೀಠವು 1990ರಲ್ಲಿ, ತಾನು ಕಾರ್ಮಿಕ ನ್ಯಾಯಾಲಯದ ಪ್ರತಿನಿಧಿಯಲ್ಲ, ಕೈಗಾರಿಕಾ ಕಾನೂನಿನ ಹಕ್ಕನ್ನು ಕೇಳುವವನು ಸಾಧಾರಣವಾಗಿ ಆ ಕಾನೂನು ತೋರಿಸಿದ ದಾರಿಯನ್ನು ಮೊದಲು ಮುಗಿಸಿಕೊಂಡು ಬರಬೇಕು ಎಂದು ನಿರ್ಣಯಿಸಿತು. 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸರ್ಕಾರದ ಮುದ್ರಣ ಇಲಾಖೆಗೆ ಸಂಬಂಧಿಸಿದ ಪ್ರಕರಣವೊಂದರಲ್ಲಿ, ವೇತನ ಪಾವತಿ ಅಧಿಕಾರಿಯ ತೀರ್ಪಿನ ಮೇಲೆ ಮೇಲ್ಮನವಿಯನ್ನು ಕೇಳುವ ಅಧಿಕಾರವು ಆಡಳಿತ ಮಂಡಳಿಗಿಲ್ಲ, ಜಿಲ್ಲಾ ನ್ಯಾಯಾಲಯಕ್ಕೇ ಉಂಟು ಎಂದು ಹೇಳಿತು. ಎರಡು ತೀರ್ಮಾನಗಳೂ ಶಾಸನದ ಅಕ್ಷರಕ್ಕೆ ಅನುಗುಣವಾದವೇ. ನನಗೆ ಅವುಗಳಲ್ಲಿ ದೋಷವು ಕಾಣದು. ಕಾಣುವುದು ಇಷ್ಟೇ: ಈ ವಿವೇಚನೆಯನ್ನು ಮಾಡಬೇಕಾದವನು ಯಂತ್ರದ ಮುಂದೆ ನಿಂತು ದುಡಿಯುವ ಮನುಷ್ಯ, ಮತ್ತು ಅವನು ಅದನ್ನು ಮಾಡಬೇಕಾದುದು ಅರ್ಜಿ ಹಾಕುವುದಕ್ಕೆ ಮುಂಚೆ.

ಕಾರ್ಮಿಕ ನ್ಯಾಯಾಲಯಕ್ಕೆ ಹೋದನೆಂದೇ ಇಟ್ಟುಕೊಳ್ಳೋಣ. 1947ರ ಅಧಿನಿಯಮದ 33-ಸಿ (2) ಪ್ರಕರಣದಂತೆ ಬರಬೇಕಾದ ಹಣವನ್ನು ಲೆಕ್ಕಹಾಕಿಸಿಕೊಳ್ಳುವ ಸರಳವಾದ ಮಾರ್ಗ ಅಲ್ಲಿ ಇದ್ದಿತು. ಆದರೆ ದೆಹಲಿಯ ಮಹಾನಗರಪಾಲಿಕೆಯ ದಿನಗೂಲಿ ನೌಕರರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಈ ಮಾರ್ಗವು ಈಗಾಗಲೇ ನಿರ್ಣಯವಾದ ಅಥವಾ ಮಾಲೀಕನು ಒಪ್ಪಿದ ಹಕ್ಕನ್ನು ಎಣಿಸುವುದಕ್ಕೆ ಮಾತ್ರ, ಹಕ್ಕೇ ವಿವಾದಾಸ್ಪದವಾದಾಗ ಅದನ್ನು ಸ್ಥಾಪಿಸುವುದಕ್ಕಲ್ಲ ಎಂದು ಸ್ಪಷ್ಟಪಡಿಸಿದೆ. ಓ.ಟಿ. ಕೊಡಲೊಲ್ಲದ ಮಾಲೀಕನು ಹಕ್ಕನ್ನು ಒಪ್ಪಿಕೊಂಡು ಹಣವನ್ನು ಮಾತ್ರ ತಡೆಹಿಡಿಯುವಷ್ಟು ಸರಳಹೃದಯಿಯಾಗಿರುವುದು ಅಪೂರ್ವ. ಹಕ್ಕೇ ಇಲ್ಲವೆಂದು ಅವನು ವಾದಿಸಿದೊಡನೆ ಲೆಕ್ಕದ ಅರ್ಜಿ ಕುಂಟುತ್ತಿದ್ದಿತು; ಆಮೇಲೆ ಉಳಿಯುತ್ತಿದ್ದುದು ಸರ್ಕಾರವೇ ವಿವಾದವನ್ನು ಒಪ್ಪಿಸುವ ದೀರ್ಘಮಾರ್ಗ, ಅದಕ್ಕೆ ಸಂಘದ ಬೆಂಬಲ ಬೇಕಾಗಿತ್ತು. ವಜಾ ಆದ ಕಾರ್ಮಿಕನೊಬ್ಬನೇ ಹೋಗಿ ದಾವೆ ಹೂಡುವ ಅವಕಾಶವನ್ನು ನಮ್ಮ ರಾಜ್ಯದ ಶಾಸಕಾಂಗವು 1988ರಲ್ಲಿಯೇ 10 (4-ಎ) ಎಂಬ ಉಪಪ್ರಕರಣದ ಮೂಲಕ ಕಲ್ಪಿಸಿದ್ದುದು ಅದರ ಹಿರಿಮೆ. ಆದರೆ ಆ ಅನುಕೂಲ ಕೆಲಸ ಕಳೆದುಕೊಂಡವನಿಗೆ. ಕೆಲಸದಲ್ಲಿ ಉಳಿದುಕೊಂಡು ಕೂಲಿಗಾಗಿಯೋ ಮಾನಕ್ಕಾಗಿಯೋ ತಗಾದೆ ಮಾಡುವವನಿಗೆ ಅದು ದಕ್ಕಲಿಲ್ಲ.

ಇನ್ನು ಆಡಳಿತ ಮಂಡಳಿಯೇ ಸರಿಯಾದ ಸ್ಥಾನವೆಂದು ನಿಶ್ಚಯವಾದ ಸಂದರ್ಭದಲ್ಲಿ ಏನಾಗುವುದೆಂಬುದಕ್ಕೆ ನೋಟು ನಾಣ್ಯಗಳನ್ನು ತಯಾರಿಸುವ ಭದ್ರತಾ ಮುದ್ರಣ ಮತ್ತು ಟಂಕಶಾಲಾ ನಿಗಮದ ಮೇಲ್ವಿಚಾರಕರ ಪ್ರಕರಣವು ತಕ್ಕ ನಿದರ್ಶನ. ಕಾರ್ಖಾನೆಗಳ ಅಧಿನಿಯಮದಂತೆ ತಮಗೆ ಇಮ್ಮಡಿ ದರದ ಭತ್ಯೆ ಸಲ್ಲಬೇಕೆಂದು ಅವರು ಕೇಂದ್ರೀಯ ಮಂಡಳಿಯನ್ನು ಕೇಳಿದರು, ಮಂಡಳಿ ನಿರಾಕರಿಸಿತು. ಮುಂಬಯಿ ಉಚ್ಚ ನ್ಯಾಯಾಲಯವು ಅವರ ಪಕ್ಷವನ್ನು ಎತ್ತಿಹಿಡಿಯಿತು. 2023ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಮಾಡಿ, ಸರ್ಕಾರಿ ಸೇವೆಯಲ್ಲಿರುವವರು ತಮ್ಮ ಸಮಸ್ತ ಕಾಲವನ್ನೂ ಸರ್ಕಾರದ ಅಧೀನಕ್ಕೆ ಒಪ್ಪಿಸಿದವರಾದ ಕಾರಣ ಅವರಿಗೆ ಕಾರ್ಖಾನೆಯ ಕಾರ್ಮಿಕರ ಇಮ್ಮಡಿ ವೇತನ ಸಲ್ಲದೆಂದು ಹೇಳಿತು. ಸರ್ಕಾರಿ ನೌಕರನ ಪೂರ್ಣಕಾಲವೂ ಸರ್ಕಾರದ್ದೇ ಎಂಬ ಮೂಲಭೂತ ನಿಯಮಗಳ 11ನೆಯ ನಿಯಮವು ಬ್ರಿಟಿಷರ ಕಾಲದ್ದು. ವೃತ್ತಿಭದ್ರತೆ, ಪಿಂಚಣಿ, ವೇತನ ಆಯೋಗಗಳು ಕಾರ್ಖಾನೆಯ ಕಾರ್ಮಿಕನಿಗಿಲ್ಲ, ನಿಮಗುಂಟು; ಎರಡೂ ಕಡೆಯ ಸವಲತ್ತನ್ನು ಒಟ್ಟಿಗೆ ಕೇಳಬಾರದು ಎಂಬ ತರ್ಕದಲ್ಲಿ ಸತ್ಯಾಂಶವಿದೆ. ಆದರೂ, ಕಾಲವನ್ನೆಲ್ಲ ಕೊಟ್ಟವನಿಗೆ ಅದರ ಅಳತೆಯನ್ನು ಕೇಳುವ ಹಕ್ಕು ಎಂದೆಂದಿಗೂ ಇಲ್ಲವೆಂಬ ಸಿದ್ಧಾಂತವು ಹಬ್ಬಹರಿದಿನಗಳಲ್ಲಿ ರಸ್ತೆಯ ನಡುವೆ ನಿಲ್ಲುವ ಪೇದೆಗೂ, ರಾತ್ರಿ ಪಾಳಿಯ ಶುಶ್ರೂಷಕಿಗೂ ಅನ್ವಯವಾದಾಗ ನನ್ನ ಮನಸ್ಸು ಅಷ್ಟು ಸುಲಭವಾಗಿ ಅದನ್ನು ಒಪ್ಪಲಾರದು. ಏಳನೆಯ ವೇತನ ಆಯೋಗದ ಶಿಫಾರಸಿನ ಮೇರೆಗೆ 2018ರ ಜೂನಿನಲ್ಲಿ ಕೇಂದ್ರ ಸರ್ಕಾರವು ಕಾರ್ಯಾಚರಣೆಯ ಸಿಬ್ಬಂದಿ ಮತ್ತು ಶಾಸನಬದ್ಧ ರಕ್ಷಣೆಯುಳ್ಳ ಕೈಗಾರಿಕಾ ನೌಕರರ ಹೊರತು ಮಿಕ್ಕವರ ಓ.ಟಿ. ಭತ್ಯೆಯನ್ನೇ ನಿಲ್ಲಿಸಿದ ಮೇಲಂತೂ ಈ ಚರ್ಚೆ ಬಹುಜನರ ಪಾಲಿಗೆ ಮುಗಿದಂತೆಯೇ ಆಗಿದೆ.

ಆಡಳಿತ ಮಂಡಳಿಯ ಹೊರಗೆ ಉಳಿದವರ ಗುಂಪು ಇನ್ನೂ ದೊಡ್ಡದು. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದಲ್ಲಿ ಪ್ರಾರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆರಿಸಿದ ಸ್ಥಳ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಲ್ಲಿಂದ ಮೊದಲಾಗಿ ಅರ್ಧ ಶತಮಾನದಿಂದ ಮಕ್ಕಳಿಗೆ ಅನ್ನ, ಅಕ್ಷರ, ಗರ್ಭಿಣಿಯರಿಗೆ ಆರೈಕೆ, ಜೊತೆಗೆ ಸರ್ಕಾರವು ಹೊರಿಸಿದ ಎಲ್ಲ ಸಮೀಕ್ಷೆಗಳನ್ನೂ ನಿರ್ವಹಿಸುತ್ತ ಬಂದಿರುವ ಅಂಗನವಾಡಿ ಕಾರ್ಯಕರ್ತೆಯರು ನಮ್ಮ ರಾಜ್ಯದ ಆಡಳಿತ ಮಂಡಳಿಯ ಮುಂದೆ ಬಂದಾಗ, ಆ ವಿಚಾರವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2006ರ ಡಿಸೆಂಬರಿನಲ್ಲಿ ಅವರು ಸರ್ಕಾರಿ ಹುದ್ದೆಯನ್ನು ಧರಿಸಿದವರಲ್ಲವೆಂದೂ, ಆದುದರಿಂದ ಅವರ ಅರ್ಜಿ ಆ ಮಂಡಳಿಯಲ್ಲಿ ನಿಲ್ಲದೆಂದೂ ತೀರ್ಪಾಯಿತು. ಹದಿನಾರು ವರ್ಷಗಳ ತರುವಾಯ, 2022ರಲ್ಲಿ, ಗುಜರಾತಿನಿಂದ ಬಂದ ಪ್ರಕರಣದಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯವು ಉಪದಾನ ಪಾವತಿ ಕಾನೂನಿನ ಮಟ್ಟಿಗೆ ಅವರು ನೌಕರರೇ ಎಂದು ಹೇಳಿ ಗ್ರಾಚ್ಯುಯಿಟಿಯನ್ನು ಕೊಡಿಸಿತು. ಒಂದು ಕಾನೂನಿಗೆ ನೌಕರಳಾದವಳು ಇನ್ನೊಂದಕ್ಕೆ ಗೌರವಧನದ ಸೇವಕಿ! ಹೊರಗುತ್ತಿಗೆಯ ಡಾಟಾ ಎಂಟ್ರಿ ನೌಕರರದೂ, ಆಸ್ಪತ್ರೆಗಳ ಗುತ್ತಿಗೆ ಸಿಬ್ಬಂದಿಯದೂ ಇದೇ ಅವಸ್ಥೆ: ದಿನವೆಲ್ಲ ಆಜ್ಞೆ ಮಾಡುವವನು ಸರ್ಕಾರದ ಅಧಿಕಾರಿ, ಕಾಗದದ ಮೇಲೆ ಮಾಲೀಕನಾಗಿರುವವನು ಏಜೆನ್ಸಿ. ನ್ಯಾಯಾಲಯಗಳ ಸಿಬ್ಬಂದಿಯನ್ನೂ ಶಾಸನಸಭೆಗಳ ಸಚಿವಾಲಯದವರನ್ನೂ ಅಧಿನಿಯಮದ ಎರಡನೆಯ ಪ್ರಕರಣವೇ ಹೊರಗಿಟ್ಟಿದೆ. ಸಾರಿಗೆ ನಿಗಮದವರು ಕಾರ್ಮಿಕ ನ್ಯಾಯಾಲಯಕ್ಕೆ, ಬಿ.ಎಸ್.ಎನ್.ಎಲ್. ನೌಕರರು ಅಧಿಸೂಚನೆಯ ಬಲದಿಂದ ಕೇಂದ್ರೀಯ ಮಂಡಳಿಗೆ; ಈ ವಿಂಗಡಣೆಯು ಸಾಮಾನ್ಯನ ಊಹೆಗೆ ಎಟುಕುವಂಥದಲ್ಲ.

ಕೈಗಾರಿಕೆಯೆಂದರೆ ಏನೆಂಬ ಮೂಲಪ್ರಶ್ನೆಯೇ ಇತ್ಯರ್ಥವಾಗದೆ ಎಷ್ಟು ಕಾಲ ಉಳಿಯಿತೆಂಬುದನ್ನು ಕನ್ನಡಿಗರು ವಿಶೇಷವಾಗಿ ಬಲ್ಲರು. ಏಕೆಂದರೆ ಆ ವಿಷಯದ ಪ್ರಧಾನ ತೀರ್ಪು ಬೆಂಗಳೂರು ಜಲಮಂಡಳಿಯ ನೌಕರರ ವ್ಯಾಜ್ಯದಿಂದಲೇ ಹುಟ್ಟಿದುದು. ಏಳು ನ್ಯಾಯಮೂರ್ತಿಗಳ ಪೀಠದ ಬಹುಮತದ ಪರವಾಗಿ 1978ರಲ್ಲಿ ಕೃಷ್ಣ ಅಯ್ಯರ್ ಅವರು ಬರೆದ ಆ ತೀರ್ಪಿನಲ್ಲಿ ಕೈಗಾರಿಕೆಯ ವ್ಯಾಪ್ತಿ ಅತಿವಿಶಾಲವಾಗಿ, ರಾಜ್ಯದ ಸಾರ್ವಭೌಮ ಕಾರ್ಯಗಳು ಮಾತ್ರ ಹೊರಗುಳಿದುವು. 2017ರಲ್ಲಿ ಅದರ ಪುನರ್ವಿಮರ್ಶೆಯನ್ನು ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲಾಯಿತು. ನಾಲ್ಕು ದಶಕಗಳ ಬಳಿಕವೂ ಶ್ರೇಷ್ಠ ನ್ಯಾಯವೇತ್ತರಲ್ಲಿಯೇ ಒಮ್ಮತವಿಲ್ಲದ ವಿಷಯವನ್ನು ಪಂಪ್‌ಹೌಸಿನ ವಾಲ್ವ್‌ಮನ್ ಅರ್ಜಿಯ ಮೊದಲ ಪುಟದಲ್ಲಿ ತೀರ್ಮಾನಿಸಿರಬೇಕೆಂದು ನಾವು ನಿರೀಕ್ಷಿಸುತ್ತಿದ್ದೇವೆ.

ಕಿರುಕುಳದ ಅಹವಾಲು ಇದಕ್ಕಿಂತ ಸೂಕ್ಷ್ಮವಾದುದು. ಅಧಿನಿಯಮದ 19ನೆಯ ಪ್ರಕರಣವು ಮಂಡಳಿಗೆ ಬರುವವನು ಯಾವುದಾದರೊಂದು ಆದೇಶದಿಂದ ನೊಂದವನಾಗಿರಬೇಕೆಂದು ಹೇಳುತ್ತದೆ. ಎಲ್ಲರೆದುರಿಗೆ ಏಕವಚನದಲ್ಲಿ ನಿಂದಿಸುವುದು ಆದೇಶವಲ್ಲ. ಕೈಗೆ ಕೆಲಸವನ್ನೇ ಕೊಡದೆ ಮೂಲೆಯಲ್ಲಿ ಕೂಡಿಸುವುದು ಆದೇಶವಲ್ಲ. ರಜೆಯ ಅರ್ಜಿಯ ಮೇಲೆ ಏನನ್ನೂ ಬರೆಯದೆ ಇಟ್ಟುಕೊಳ್ಳುವುದು, ಸಂಜೆ ಐದೂವರೆಗೆ ಕಡತ ಕೊಟ್ಟು ಬೆಳಿಗ್ಗೆಗೆ ಬೇಕೆನ್ನುವುದು, ವಾರಕ್ಕೊಂದು ಮೆಮೊ ಕೊಡುವೆನೆಂದು ಬೆದರಿಸಿ ಕೊಡದೆಯೇ ಇರುವುದು, ಇವಾವುವೂ ಆದೇಶಗಳಲ್ಲ. ನೊಂದವನು ಕಾಯಬೇಕಾದುದು ಈ ಕಿರುಕುಳವು ಕಾಗದಕ್ಕೆ ಇಳಿಯುವ ದಿನವನ್ನು: ವರ್ಗಾವಣೆಯ ರೂಪದಲ್ಲಿಯೋ, ಕಾರ್ಯನಿರ್ವಹಣಾ ವರದಿಯ ಪ್ರತಿಕೂಲ ಷರಾದ ರೂಪದಲ್ಲಿಯೋ, ಅಮಾನತ್ತಿನ ರೂಪದಲ್ಲಿಯೋ. ಆಗ ಅವನು ಆ ಕಾಗದವನ್ನು ಪ್ರಶ್ನಿಸಬಹುದು, ಕಿರುಕುಳವನ್ನಲ್ಲ. ವರ್ಗಾವಣೆಯಲ್ಲಿ ನಿಯಮಭಂಗವಾಗಲಿ ದುರುದ್ದೇಶವಾಗಲಿ ಸಿದ್ಧವಾಗದ ಹೊರತು ನ್ಯಾಯಪೀಠಗಳು ಕೈಹಾಕುವುದಿಲ್ಲವೆಂಬುದು ಸುಪ್ರತಿಷ್ಠಿತ ನಿಯಮ. ದುರುದ್ದೇಶವನ್ನು ಆರೋಪಿಸುವವನು ಆ ಮೇಲಧಿಕಾರಿಯನ್ನು ಹೆಸರು ಹಿಡಿದು ಪ್ರತಿವಾದಿಯನ್ನಾಗಿ ಮಾಡತಕ್ಕದ್ದೆಂಬುದೂ ಹಾಗೆಯೇ. ಅನಂತರ ಅದೇ ಅಧಿಕಾರಿಯ ಕೈಕೆಳಗೆ ಹಾಜರಿ ಪುಸ್ತಕಕ್ಕೆ ಸಹಿ ಮಾಡುವ ಧೈರ್ಯ ಎಷ್ಟು ಮಂದಿಗಿದ್ದೀತು?

ಇಲ್ಲಿಯೇ ಎರಡು ಕಾನೂನುಗಳ ನಡುವಣ ಒಂದು ವೈಷಮ್ಯವನ್ನು ಗಮನಿಸಬೇಕು. ಕೈಗಾರಿಕಾ ವಿವಾದಗಳ ಅಧಿನಿಯಮದ ಐದನೆಯ ಅನುಸೂಚಿಯಲ್ಲಿ, ಆಡಳಿತ ನೀತಿಯ ನೆಪದಲ್ಲಿ ಕಾರ್ಮಿಕನನ್ನು ದುರುದ್ದೇಶದಿಂದ ವರ್ಗಾಯಿಸುವುದು ಅನುಚಿತ ಕಾರ್ಮಿಕ ಪದ್ಧತಿಯೆಂದು ಪರಿಗಣಿತವಾಗಿ, ಅದಕ್ಕೆ ಆರು ತಿಂಗಳ ತನಕ ಕಾರಾವಾಸದ ಶಿಕ್ಷೆಯೂ ಇದ್ದಿತು. ಅದೇ ಕೃತ್ಯವನ್ನು ಸರ್ಕಾರಿ ಕಚೇರಿಯಲ್ಲಿ ಎಸಗಿದರೆ, ಬಹಳವಾದರೆ ಆದೇಶವು ರದ್ದಾಗುವುದು. ಎಸಗಿದವನ ರೋಮವೂ ಕೊಂಕದು. ಆಡಳಿತ ಮಂಡಳಿಗೆ ಆದೇಶವನ್ನು ಅಳಿಸುವ ಶಕ್ತಿಯಿದೆ, ಅವಮಾನಕ್ಕೆ ಬೆಲೆಕಟ್ಟಿಕೊಡುವ ಅಭ್ಯಾಸವಿಲ್ಲ.

ಲೈಂಗಿಕ ಕಿರುಕುಳಕ್ಕೆ ಮಾತ್ರ ಪ್ರತ್ಯೇಕ ಕಾನೂನುಂಟು. ರಾಜಸ್ಥಾನದ ಒಬ್ಬ ಗ್ರಾಮಸೇವಾ ಕಾರ್ಯಕರ್ತೆಯ ಮೇಲೆ ನಡೆದ ಅತ್ಯಾಚಾರದ ಹಿನ್ನೆಲೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ ವಿಶಾಖಾ ಪ್ರಕರಣದ ಮಾರ್ಗಸೂಚಿಗಳನ್ನು ವಿಧಿಸಿತು. ಹದಿನಾರು ವರ್ಷಗಳ ಮೇಲೆ, 2013ರಲ್ಲಿ, ಸಂಸತ್ತು ಅಧಿನಿಯಮವನ್ನು ಮಾಡಿತು. ಹತ್ತು ಜನರಿಗೆ ಕಡಿಮೆಯಿಲ್ಲದ ಪ್ರತಿ ಕಚೇರಿಯಲ್ಲಿಯೂ ಆಂತರಿಕ ದೂರು ಸಮಿತಿ, ಜಿಲ್ಲೆಗೆ ಸ್ಥಳೀಯ ಸಮಿತಿ, ಘಟನೆಯಿಂದ ಮೂರು ತಿಂಗಳೊಳಗೆ ದೂರು, ಕಾರಣವಿದ್ದರೆ ಮತ್ತೆ ಮೂರು ತಿಂಗಳ ವಿಸ್ತರಣೆ. ಇಷ್ಟರವರೆಗೆ ವ್ಯವಸ್ಥೆ ಸುಸ್ಪಷ್ಟ. ತೊಡಕಿರುವುದು ಸಮಿತಿಯ ವರದಿ ಬಂದ ಮೇಲೆ. 18ನೆಯ ಪ್ರಕರಣದಂತೆ ಅತೃಪ್ತರಾದವರು 90 ದಿನಗಳೊಳಗೆ ತಮಗೆ ಅನ್ವಯಿಸುವ ಸೇವಾನಿಯಮಗಳನ್ನು ಅನುಸರಿಸಿ ನ್ಯಾಯಾಲಯಕ್ಕೋ ನ್ಯಾಯಮಂಡಳಿಗೋ ಹೋಗತಕ್ಕದ್ದು. ಸೇವಾನಿಯಮಗಳಿಲ್ಲದವರು, ಈಗ ರದ್ದಾಗಿರುವ 1946ರ ಸ್ಥಾಯೀ ಆದೇಶಗಳ ಕಾನೂನಿನಡಿ ಅಧಿಸೂಚಿತನಾದ ಮೇಲ್ಮನವಿ ಅಧಿಕಾರಿಯ ಬಳಿಗೆ.

ಈಗ ತಾಲ್ಲೂಕು ಕಚೇರಿಯೊಂದರಲ್ಲಿ ಹೊರಗುತ್ತಿಗೆಯ ಮೇಲೆ ದುಡಿಯುವ ತರುಣಿಯೊಬ್ಬಳು ಅಲ್ಲಿನ ಖಾಯಂ ಅಧಿಕಾರಿಯ ಮೇಲೆ ದೂರು ಕೊಟ್ಟಳೆನ್ನಿ. ಗುತ್ತಿಗೆದಾರನ ಮೂಲಕ ಬಂದವಳನ್ನೂ ನೌಕರಳೆಂದೇ 2013ರ ಕಾನೂನು ಎಣಿಸುವುದರಿಂದ ಸಮಿತಿ ಅವಳ ದೂರನ್ನು ಕೇಳುವುದು. ಅಧಿಕಾರಿಯ ಮೇಲೆ ಕ್ರಮ ಜರುಗಿದರೆ ಅವನು ಶಿಸ್ತುಕ್ರಮವು ಸೇವಾವಿಷಯವಾದುದರಿಂದ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗುವನು. ದೂರು ತಿರಸ್ಕೃತವಾದರೆ ಅವಳು ಹೋಗಬೇಕಾದುದು ಕಾರ್ಮಿಕ ಇಲಾಖೆಯ ಮೇಲ್ಮನವಿ ಅಧಿಕಾರಿಯ ಬಳಿಗೆ, ಏಕೆಂದರೆ ಅವಳಿಗೆ ಸೇವಾನಿಯಮಗಳೇ ಇಲ್ಲ. ದೂರು ಅಂಶತಃ ಸಿದ್ಧವಾಯಿತೆಂದುಕೊಂಡರೆ ಇನ್ನೂ ವಿಚಿತ್ರ: ಒಂದೇ ವರದಿ, ಒಂದೇ ಸಾಕ್ಷ್ಯ, ಇಬ್ಬರೂ ಅತೃಪ್ತರು, ಆದರೆ ಅವನ ಮೇಲ್ಮನವಿ ಒಂದು ಪೀಠದಲ್ಲಿ, ಅವಳದು ಇನ್ನೊಂದರಲ್ಲಿ, ಎರಡು ಕಡೆ ಎರಡು ಬಗೆಯ ತೀರ್ಪು ಬಂದರೆ ಯಾವುದು ನಿಲ್ಲುವುದೆಂಬುದಕ್ಕೆ ಆ ಕಾನೂನಿನಲ್ಲಿ ಒಂದು ಸಾಲಿನ ಉತ್ತರವೂ ಇಲ್ಲ. ಅವನ ಅರ್ಜಿಯಲ್ಲಿ ಅವಳನ್ನು ಪ್ರತಿವಾದಿಯನ್ನಾಗಿ ಸೇರಿಸಿದ್ದರೆ ಸರಿ. ಸೇರಿಸದಿದ್ದರೆ ಅವಳ ದೂರಿನ ಭವಿಷ್ಯವು ಅವಳ ಬೆನ್ನ ಹಿಂದೆಯೇ ನಿರ್ಣಯವಾದೀತು. ಸ್ತ್ರೀಯ ಮಾನರಕ್ಷಣೆಗೆಂದು ಮಾಡಿದ ಶಾಸನದಲ್ಲಿ ಈ ಲೋಪವನ್ನು ಅಲ್ಪವೆಂದು ನಾನು ಎಣಿಸಲಾರೆ.

ಅಧಿಕಾರವ್ಯಾಪ್ತಿಯ ಮಿತಿಗಳೇ ಇರಕೂಡದೆಂಬುದು ನನ್ನ ವಾದವಲ್ಲ. ನ್ಯಾಯಮಂಡಳಿಯು ಶಾಸನದ ಶಿಶು. ತಾಯಿ ಕೊಟ್ಟುದಕ್ಕಿಂತ ಹೆಚ್ಚನ್ನು ಅದು ತಾನಾಗಿ ತೆಗೆದುಕೊಂಡರೆ ನಾಳೆ ಅದರ ತೀರ್ಪನ್ನು ಯಾರೂ ಮನ್ನಿಸರು. ಕಕ್ಷಿದಾರರಿಬ್ಬರೂ ಒಪ್ಪಿದರೂ ಇಲ್ಲದ ಅಧಿಕಾರವು ಹುಟ್ಟದು, ಅಧಿಕಾರವಿಲ್ಲದೆ ಕೊಟ್ಟ ತೀರ್ಪು ಶೂನ್ಯವೆಂದು ಯಾವ ಹಂತದಲ್ಲಿಯಾದರೂ ಎತ್ತಿ ತೋರಬಹುದು ಎಂದು ಸರ್ವೋಚ್ಚ ನ್ಯಾಯಾಲಯವು 1954ರಷ್ಟು ಹಿಂದೆಯೇ ಹೇಳಿರುವುದು ಗಟ್ಟಿಯಾದ ತತ್ತ್ವ. ಆದರೆ ತತ್ತ್ವವು ಗಟ್ಟಿಯಾದಷ್ಟೂ ಅದರ ಪ್ರಯೋಗ ನಿರ್ದಯವಾಗುವುದು. ಹತ್ತು ವರ್ಷ ಸುಮ್ಮನಿದ್ದ ಇಲಾಖೆಯು ಸೋಲು ಸಮೀಪಿಸಿದಾಗ ಎದ್ದು ನಿಂತು, ಈ ಮಂಡಳಿಗೆ ಅಧಿಕಾರವೇ ಇಲ್ಲವೆಂದು ವಾದಿಸಬಹುದು. ಅದು ಕಾನೂನಿಗೆ ಸಮ್ಮತ. ಈ ವ್ಯಾಜ್ಯಗಳಲ್ಲಿ ಮಾಲೀಕನೂ ಸರ್ಕಾರವೇ, ನಿಯಮಗಳನ್ನು ರಚಿಸಿದುದೂ ಸರ್ಕಾರವೇ, ಯಾವ ಮಂಡಳಿಗೆ ಯಾವುದು ಸೇರತಕ್ಕದ್ದೆಂದು ಅಧಿಸೂಚಿಸಿದುದೂ ಸರ್ಕಾರವೇ. ಆ ವಿಂಗಡಣೆಯ ಅಸ್ಪಷ್ಟತೆಯಿಂದ ಲಾಭ ಪಡೆಯುವವನೂ ಅದೇ ಸರ್ಕಾರವಾದರೆ ಅದನ್ನು ಧರ್ಮವೆನ್ನಲಾದೀತೇ? ನೇರವಾಗಿ ಉಚ್ಚ ನ್ಯಾಯಾಲಯಕ್ಕೆ ಹೋಗೋಣವೆಂದರೆ, ಸರ್ವೋಚ್ಚ ನ್ಯಾಯಾಲಯದ 1997ರ ಚಂದ್ರಕುಮಾರ್ ತೀರ್ಪು ಉಚ್ಚ ನ್ಯಾಯಾಲಯದ ಅಧಿಕಾರವನ್ನು ಎತ್ತಿಹಿಡಿದರೂ, ಮೊದಲು ನ್ಯಾಯಮಂಡಳಿಗೆ ಹೋಗಿ ಬಾ ಎಂದೇ ಹೇಳಿದೆ.

ಕಾಲಮಿತಿಯು ಈ ತೊಡಕನ್ನು ಇಮ್ಮಡಿಸುತ್ತದೆ. ಆಡಳಿತ ಮಂಡಳಿಗೆ ಅಂತಿಮ ಆದೇಶದಿಂದ ಒಂದು ವರ್ಷ. ಮನವಿ ಕೊಟ್ಟು ಉತ್ತರ ಬಾರದಿದ್ದರೆ ಆರು ತಿಂಗಳು ಕಾದು, ಅಲ್ಲಿಂದ ಒಂದು ವರ್ಷ. ವೇತನ ಪಾವತಿ ಅಧಿಕಾರಿಗೆ ಹನ್ನೆರಡು ತಿಂಗಳಿತ್ತು. ಅದರ ಬದಲು ಬಂದಿರುವ ಹೊಸ ವೇತನ ಸಂಹಿತೆಯಲ್ಲಿ ಮೂರು ವರ್ಷ. ಲೈಂಗಿಕ ಕಿರುಕುಳದ ದೂರಿಗೆ ಮೂರೇ ತಿಂಗಳು. ತಪ್ಪು ಸ್ಥಾನದಲ್ಲಿ ಸದ್ಭಾವನೆಯಿಂದ ಕಳೆದ ಕಾಲವನ್ನು ಲೆಕ್ಕದಿಂದ ಬಿಡಬೇಕೆಂಬ ಪರಿಸೀಮಾ ಕಾನೂನಿನ 14ನೆಯ ಪ್ರಕರಣದ ತತ್ತ್ವವು ನ್ಯಾಯಸದೃಶ ಅಧಿಕಾರಸ್ಥಾನಗಳಿಗೂ ಸಲ್ಲುವುದೆಂದು 2015ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿರುವುದು ದೊಡ್ಡ ಉಪಕಾರ. ಆದರೆ ಅದನ್ನು ಪಡೆಯಲು ಸದ್ಭಾವನೆಯನ್ನೂ ಶ್ರದ್ಧೆಯನ್ನೂ ಸಾಧಿಸಿ ತೋರಬೇಕು. ಮತ್ತೊಬ್ಬ ವಕೀಲರು, ಮತ್ತೊಂದು ವಕಾಲತ್ತು, ಮತ್ತೊಂದು ಮುಂಗಡ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಕಾನೂನುಗಳನ್ನು ತಮ್ಮಲ್ಲಿ ಅಡಗಿಸಿಕೊಂಡಿವೆ. ಓ.ಟಿ.ಗೆ ಇಮ್ಮಡಿ ದರವು ಅಲ್ಲಿಯೂ ಉಳಿದಿದೆ. ಕಾರ್ಮಿಕ ನ್ಯಾಯಾಲಯದ ಸ್ಥಾನದಲ್ಲಿ ನ್ಯಾಯಿಕ ಸದಸ್ಯನೂ ಆಡಳಿತ ಸದಸ್ಯನೂ ಕೂಡಿದ ಕೈಗಾರಿಕಾ ನ್ಯಾಯಮಂಡಳಿ ಬರತಕ್ಕದ್ದಾಗಿದೆ. 1985ರ ಅಧಿನಿಯಮದ 28ನೆಯ ಪ್ರಕರಣದಲ್ಲಿ ಮಾತ್ರ ರದ್ದಾದ 1947ರ ಕಾನೂನಿನ ಹೆಸರೇ ಇದೆ. ಹಳೆಯ ಹೆಸರನ್ನು ಹೊಸದೆಂದು ಓದಿಕೊಳ್ಳಲು ಸಾಮಾನ್ಯ ಖಂಡಗಳ ಅಧಿನಿಯಮವು ಅವಕಾಶ ಕೊಡುವುದು ನಿಜ. ಆದರೂ ಹಳೆಯ ಮಂಡಳಿಗೂ ಹೊಸ ಮಂಡಳಿಗೂ ನಡುವಣ ಗಡಿಯನ್ನು ಮತ್ತೊಮ್ಮೆ ಪ್ರಕರಣದಿಂದ ಪ್ರಕರಣಕ್ಕೆ ಅಳೆಯುವ ಕೆಲಸ ಮುಂದಿನ ಇಪ್ಪತ್ತು ವರ್ಷ ನಡೆದರೆ ಆಶ್ಚರ್ಯವಿಲ್ಲ, ಮತ್ತು ಆ ಅಳತೆಯ ಖರ್ಚನ್ನು ತೆರುವವರು ಯಾರೆಂಬುದನ್ನು ಊಹಿಸುವುದು ಕಷ್ಟವಲ್ಲ.

ಪರಿಹಾರವು ದೂರದಲ್ಲಿಲ್ಲ. 323-ಎ ಅನುಚ್ಛೇದವು ಹುಟ್ಟಿದ 1976ರಲ್ಲಿಯೇ ಸಂಸತ್ತು ಸಿವಿಲ್ ಪ್ರಕ್ರಿಯಾ ಸಂಹಿತೆಗೂ ತಿದ್ದುಪಡಿ ತಂದು, ಅಧಿಕಾರವಿಲ್ಲದ ನ್ಯಾಯಾಲಯದಲ್ಲಿ ಹೂಡಿದ ದಾವೆಯನ್ನು ಸಹ ಅಧಿಕಾರವುಳ್ಳ ನ್ಯಾಯಾಲಯಕ್ಕೆ ವರ್ಗಾಯಿಸಬಹುದೆಂದು 24ನೆಯ ಪ್ರಕರಣದ ಐದನೆಯ ಉಪಪ್ರಕರಣದಲ್ಲಿ ಹೇಳಿತು. ಜಮೀನಿನ ವ್ಯಾಜ್ಯಗಾರನಿಗೆ ದೊರೆತ ಈ ದಯೆಯು ಕೂಲಿಯ ವ್ಯಾಜ್ಯಗಾರನಿಗೆ ದೊರೆಯಲಿಲ್ಲ. ಆಡಳಿತ ನ್ಯಾಯಮಂಡಳಿಯ ಅಧ್ಯಕ್ಷರು 25ನೆಯ ಪ್ರಕರಣದಂತೆ ತಮ್ಮದೇ ಒಂದು ಪೀಠದಿಂದ ಇನ್ನೊಂದು ಪೀಠಕ್ಕೆ ಪ್ರಕರಣವನ್ನು ಕಳುಹಿಸಬಲ್ಲರೇ ಹೊರತು ಕಾರ್ಮಿಕ ನ್ಯಾಯಾಲಯಕ್ಕಲ್ಲ. ತಪ್ಪು ಸ್ಥಾನದಲ್ಲಿ ಬಂದ ಅರ್ಜಿಯನ್ನು ವಜಾ ಮಾಡದೆ, ಸರಿಯಾದ ಸ್ಥಾನಕ್ಕೆ ಕಡತಸಹಿತ ಕಳುಹಿಸತಕ್ಕದ್ದು, ಮೊದಲು ದಾಖಲಾದ ದಿನವೇ ಅಲ್ಲಿಯೂ ದಾಖಲಾದ ದಿನವೆನಿಸತಕ್ಕದ್ದು, ವ್ಯಾಪ್ತಿಯ ಆಕ್ಷೇಪಣೆಯನ್ನು ಇಲಾಖೆಯು ತನ್ನ ಮೊದಲ ಉತ್ತರದಲ್ಲಿಯೇ ಎತ್ತತಕ್ಕದ್ದು ಎಂಬ ಮೂರು ವಾಕ್ಯಗಳನ್ನು 1985ರ ಅಧಿನಿಯಮಕ್ಕೂ ಹೊಸ ಸಂಹಿತೆಗಳಿಗೂ ಸೇರಿಸುವುದಕ್ಕೆ ಸಂಸತ್ತಿಗೆ ಒಂದು ಮಧ್ಯಾಹ್ನ ಸಾಕು. 2013ರ ಕಾನೂನಿನ 18ನೆಯ ಪ್ರಕರಣಕ್ಕೆ, ಒಂದು ವರದಿಯ ಮೇಲಿನ ಎಲ್ಲ ಮೇಲ್ಮನವಿಗಳೂ ಒಂದೇ ಕಡೆ ವಿಚಾರಣೆಯಾಗತಕ್ಕದ್ದೆಂಬ ವಾಕ್ಯವೂ ಬರಬೇಕು.

ಸಂಸತ್ತು ಮಾಡುವವರೆಗೆ ಬೆಂಗಳೂರು ಸುಮ್ಮನಿರಬೇಕಾಗಿಲ್ಲ. ನಮ್ಮ ಕಚೇರಿಗಳು ನೌಕರನ ಮನವಿಯನ್ನು ತಿರಸ್ಕರಿಸುವಾಗ ಒಂದು ಹಿಂಬರಹವನ್ನು ಕೊಡುವುದು ವಾಡಿಕೆ. ಅದರಲ್ಲಿ ಸಾಧಾರಣವಾಗಿ ಇರುವುದು ಅವಕಾಶವಿರುವುದಿಲ್ಲವೆಂಬ ಒಂದು ಸಾಲು, ಕೆಳಗೆ ಒಂದು ಸಹಿ. ಈ ಆದೇಶದಿಂದ ಬಾಧಿತರಾದವರು ಇಂಥ ನ್ಯಾಯಮಂಡಳಿಯ ಅಥವಾ ಇಂಥ ಅಧಿಕಾರಿಯ ಮುಂದೆ ಇಷ್ಟು ದಿನಗಳೊಳಗೆ ಹೋಗಬಹುದು ಎಂದು ಅದರಡಿಯಲ್ಲಿ ಬರೆಯುವುದಕ್ಕೆ ಹೊಸ ಶಾಸನ ಬೇಡ, ಹೊಸ ಹುದ್ದೆ ಬೇಡ, ಆರ್ಥಿಕ ಇಲಾಖೆಯ ಸಮ್ಮತಿಯೂ ಬೇಡ. ಹಾಗೆ ಬರೆದ ಮೇಲೆ, ತಾನೇ ತೋರಿಸಿದ ಸ್ಥಾನಕ್ಕೆ ಅಧಿಕಾರವಿಲ್ಲವೆಂದು ವಾದಿಸುವಷ್ಟು ಸಂಕೋಚಹೀನತೆ ಯಾವ ಇಲಾಖೆಗೂ ಬಾರದೆಂದು ನಂಬುತ್ತೇನೆ. ಸಿಬ್ಬಂದಿ ಮತ್ತು ಆಡಳಿತ ಸುಧಾರಣಾ ಇಲಾಖೆಯು ಇದಕ್ಕೆ ಬೇಕಾದ ಸುತ್ತೋಲೆಯನ್ನು ಈ ವರ್ಷವೇ ಹೊರಡಿಸಲಿ. ಆಂತರಿಕ ದೂರು ಸಮಿತಿಗಳ ವರದಿಗಳಿಗೂ ಹೊರಗುತ್ತಿಗೆಯ ನೌಕರರಿಗೆ ಕೊಡುವ ಉತ್ತರಗಳಿಗೂ ಅದನ್ನು ಅನ್ವಯಿಸಲಿ.